ಪಿಯುಸಿ ಮಕ್ಕಳಿಗೆ ಪಾರ್ಟ್‌ಟೈಮ್ ಕೆಲಸ: ಹುಬ್ಬಳ್ಳಿ-ಧಾರವಾಡದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮರುದಿನದಿಂದಲೇ ಈ ಪ್ರಶ್ನೆಗಳು ಶುರುವಾಗುತ್ತವೆ. ಮಕ್ಕಳು ಕೇಳೋದು "ಪಗಾರ ಎಷ್ಟು?" ಪಾಲಕರು ಕೇಳೋದು "ಓದಿಗೆ ತೊಂದರೆ ಆಗಲ್ಲ ತಾನೇ?" ಎರಡೂ ಸರಿಯಾದ ಪ್ರಶ್ನೆಗಳೇ. ಇಲ್ಲಿನ ಉತ್ತರಗಳು 14 ತುಂಬಿ, 18 ಇನ್ನೂ ತುಂಬದವರಿಗೆ. 18 ದಾಟಿದವರ ಲೆಕ್ಕ ಬೇರೆ.

ಎಷ್ಟನೇ ವಯಸ್ಸಿಗೆ ಕೆಲಸಕ್ಕೆ ಸೇರಬಹುದು?

14 ತುಂಬಿರಬೇಕು. ಅದಕ್ಕಿಂತ ಚಿಕ್ಕವರನ್ನು ಯಾವ ಅಂಗಡಿ, ಹೋಟೆಲ್, ಕಾರ್ಖಾನೆಯವರೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ ಈ ನಿಯಮ ಇನ್ನೂ ಬಿಗಿಯಾಗಿದೆ. ಇಟ್ಟುಕೊಂಡ ಮಾಲೀಕರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಮನೆಯದೇ ಅಂಗಡಿ, ಮನೆಯದೇ ಹೊಲ ಇದ್ದರೆ ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಅಪ್ಪ-ಅವ್ವನಿಗೆ ಕೈಜೋಡಿಸಬಹುದು. ಅದೂ ಅಪಾಯದ ಕೆಲಸ ಆಗಿರಬಾರದು.

14ರಿಂದ 18ರವರು ಅಪಾಯಕಾರಿ ಅಲ್ಲದ ಕೆಲಸ ಮಾಡಬಹುದು. ಆದರೆ ಹೊತ್ತಿಗೆ ಮಿತಿ ಇದೆ. ಜಾಸ್ತಿ ಜನರಿಗೆ ಗೊತ್ತಿಲ್ಲದ್ದು ಇದೇ.

ಕಾಲೇಜು ಬಿಟ್ಟ ಮೇಲೆ ಸಂಜೆ 5ರಿಂದ ರಾತ್ರಿ 9ರವರೆಗೆ ಅಂಗಡಿಯಲ್ಲಿ ಇರಬಹುದಾ?

ಇಲ್ಲ. 18ರ ಒಳಗಿನವರನ್ನು ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ದುಡಿಸುವಂತಿಲ್ಲ. ಸತತ ಮೂರು ಗಂಟೆ ಮಾಡಿದರೆ ಒಂದು ಗಂಟೆ ವಿಶ್ರಾಂತಿ ಕೊಡಬೇಕು. ಆ ವಿಶ್ರಾಂತಿ, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಓವರ್‌ಟೈಮ್ ಇಲ್ಲವೇ ಇಲ್ಲ. ವಾರಕ್ಕೊಂದು ರಜೆ ಕೊಡಲೇಬೇಕು.

ಈಗ ಲೆಕ್ಕ ಹಾಕಿ ನೋಡಿ. ಕಾಲೇಜು ನಾಲ್ಕೂವರೆಗೆ ಬಿಡುತ್ತದೆ. ವಿದ್ಯಾನಗರದಿಂದ ಕೊಪ್ಪೀಕರ ರಸ್ತೆಗೆ ಬಂದು ಅಂಗಡಿ ಮುಟ್ಟುವಾಗ ಐದೂಕಾಲು. ಉಳಿದದ್ದು ಒಂದೂ ಮುಕ್ಕಾಲು ಗಂಟೆ. ಅಷ್ಟಕ್ಕೆ ಯಾವ ಮಾಲೀಕರು ಕರೀತಾರೆ? ಅವರಿಗೆ ಗಿರಾಕಿ ಬರೋದೇ ಏಳರ ಮೇಲೆ. ಹಾಗಾಗಿ ವಾರದ ದಿನಗಳಲ್ಲಿ ಕಾನೂನಿನೊಳಗೆ ಅಂಗಡಿ ಕೆಲಸ ಸಿಗೋದು ಮಧ್ಯಾಹ್ನ ಒಂದು-ಎರಡಕ್ಕೆ ಕ್ಲಾಸು ಮುಗಿಯುವವರಿಗೆ ಮಾತ್ರ. ಮಿಕ್ಕವರಿಗೆ ಭಾನುವಾರ, ದಸರಾ ರಜೆ, ಬೇಸಿಗೆ ರಜೆ.

"ಎಲ್ಲರೂ ಹತ್ತರವರೆಗೆ ಇರ್ತಾರ್ರೀ ಸರ್" ಅಂತ ಹುಡುಗರು ಹೇಳುತ್ತಾರೆ. ಇರುತ್ತಾರೆ, ನಿಜ. ಆದರೆ ಏಳಾಯಿತು ಅಂದಾಗ ಎದ್ದು ಹೊರಡುವ ಹಕ್ಕು ನಿಮಗಿದೆ. ಸೇರುವ ದಿನವೇ ಹೇಳಿಬಿಟ್ಟರೆ ಮುಂದೆ ಮುಖ ಸಣ್ಣ ಮಾಡಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಹಾಗಾದರೆ ಬೆಳಿಗ್ಗೆ ಪೇಪರ್ ಹಾಕೋದೂ ತಪ್ಪಾ?

ಮಕ್ಕಳಿಗೆ ಒಳ್ಳೆಯದು ಅಂತ ಎಲ್ಲರೂ ಮೊದಲು ಹೇಳುವ ಕೆಲಸವೇ ಇದು. ಬೆಳಿಗ್ಗೆ ಐದಕ್ಕೆ ಎದ್ದು, ಕಟ್ಟು ಬಿಚ್ಚಿ, ಪುರವಣಿ ಸೇರಿಸಿ, ಸೈಕಲ್ ಮೇಲೆ ಓಣಿ ಸುತ್ತಿ ಏಳರೊಳಗೆ ಮುಗಿಸಬೇಕು. ಕಾಯ್ದೆಯ ಹೊತ್ತಿನ ಪ್ರಕಾರ ಏಜೆಂಟರು 18ರ ಒಳಗಿನವರನ್ನು ಆ ಹೊತ್ತಿಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ತಲೆತಲಾಂತರದಿಂದ ನಡೆದು ಬಂದಿದೆ, ಯಾರೂ ಕೇಳಲ್ಲ, ಅದು ಬೇರೆ ಮಾತು. ಎಂಟರ ಮೇಲೆ ಮನೆ ಮನೆಗೆ ಹೋಗಿ ತಿಂಗಳ ಬಿಲ್ ವಸೂಲಿ ಮಾಡುವ ಕೆಲಸವೂ ಏಜೆಂಟರ ಹತ್ತಿರ ಇರುತ್ತದೆ. ಅದನ್ನು ಕೇಳಿ ನೋಡಿ. ಭಾನುವಾರ ಬೆಳಿಗ್ಗೆ ಸಾಕು.

ಎರಡು ಕಡೆ ಕೆಲಸ ಸಿಕ್ಕಿದೆ. ಯಾವುದು ಒಳ್ಳೆಯದು ಅಂತ ಹೇಗೆ ನೋಡೋದು?

ತಿಂಗಳ ಪಗಾರ ನೋಡಬೇಡಿ. ಗಂಟೆಗೆ ಎಷ್ಟು ಬಿತ್ತು ನೋಡಿ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕ ತೋರಿಸಲು ಇಟ್ಟುಕೊಂಡವು, ನಿಮ್ಮವನ್ನು ನೀವು ಹಾಕಿಕೊಳ್ಳಿ. ಬಟ್ಟೆ ಅಂಗಡಿಯವರು ತಿಂಗಳಿಗೆ 4,500 ಅಂದರು. ಮಧ್ಯಾಹ್ನ 2ರಿಂದ 7, ತಿಂಗಳಿಗೆ 26 ದಿನ. ಅಂಗಡಿಯಲ್ಲಿ 130 ಗಂಟೆ ಆಯಿತು. ಹೋಗಿ ಬರಲು ದಿನಕ್ಕೊಂದು ಗಂಟೆ ಸೇರಿಸಿ, 156. ಬಸ್ಸು, ಚಹಾ, ಒಂದು ಪ್ಲೇಟ್ ಗಿರ್ಮಿಟ್ ಅಂತ ದಿನಕ್ಕೆ 40 ರೂಪಾಯಿ ಹೋದರೆ ತಿಂಗಳಿಗೆ 1,040. ಕೈಗೆ ಉಳಿದದ್ದು 3,460. ಗಂಟೆಗೆ 22 ರೂಪಾಯಿ!

ಇನ್ನೊಂದು ಕಡೆ, ಪಕ್ಕದ ಓಣಿಯ ಐದು ಮಕ್ಕಳಿಗೆ ಟ್ಯೂಷನ್. ಒಬ್ಬೊಬ್ಬರಿಂದ 400, ಒಟ್ಟು 2,000. ದಿನಕ್ಕೆ ಒಂದೂವರೆ ಗಂಟೆ, 24 ದಿನ, ಅಂದರೆ 36 ಗಂಟೆ. ಗಂಟೆಗೆ 55 ರೂಪಾಯಿ. ಬಸ್ಸಿಲ್ಲ, ಚಹಾ ಮನೆಯದೇ.

ಆದರೆ ಇಲ್ಲೊಂದು ಮಾತಿದೆ. ಮನೆಗೆ ತಿಂಗಳಿಗೆ ಮೂರು ಸಾವಿರ ಬೇಕೇ ಬೇಕು ಅಂತಿದ್ದರೆ ಗಂಟೆಗೆ 55 ಬಂದರೂ ಎರಡು ಸಾವಿರ ಸಾಲುವುದಿಲ್ಲ. ಫೀ ಕಟ್ಟಲು ದುಡಿಯುವ ಹುಡುಗನಿಗೂ, ಮೊಬೈಲ್ ಕೊಳ್ಳಲು ದುಡಿಯುವವನಿಗೂ ಒಂದೇ ಸಲಹೆ ಕೊಡಬಾರದು. ಫೀ ಕಟ್ಟುವವನು ಮೊದಲು ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ವಿಚಾರಿಸಲಿ, ಕೆಲಸ ಆಮೇಲೆ. ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕದೆ ಅಂಗಡಿಗೆ ಹೋಗುತ್ತಾರೆ.

ಬಟ್ಟೆ ಅಂಗಡಿ ಕೆಲಸ ಸುಲಭ ಅಲ್ವಾ? ನೆರಳಲ್ಲಿ ನಿಲ್ಲೋದು ತಾನೇ?

ನಿಲ್ಲೋದೇ ಕಷ್ಟ. ದುರ್ಗದ ಬೈಲ್ ಸುತ್ತಿನ ಅಂಗಡಿಗಳಲ್ಲಿ ಹೊಸ ಹುಡುಗರಿಗೆ ಮೊದಲು ಸಿಗೋದು ಮಾರುವ ಕೆಲಸ ಅಲ್ಲ, ಮಡಚುವ ಕೆಲಸ. ಮದುವೆ ಜವಳಿಗೆ ಬಂದವರು ಸೀರೆ ರಾಶಿ ಹಾಕಿಸಿಕೊಂಡು ನಾಲ್ಕು ಆರಿಸಿ ಎದ್ದು ಹೋಗುತ್ತಾರೆ. ಉಳಿದವನ್ನೆಲ್ಲ ಹಳೆಯ ಮಡಿಕೆಯ ಗೆರೆ ಹಿಡಿದೇ ಮಡಚಬೇಕು. ಹೊಸ ಗೆರೆ ಬಿದ್ದರೆ ಸೀರೆ ಹಳತಾಗಿ ಕಾಣುತ್ತದೆ. ಸೆರಗು ಮೇಲೆ ಬರಬೇಕು, ಅಂಚು ಅಂಚಿಗೆ ಕೂಡಬೇಕು, ಬೆಲೆ ಚೀಟಿ ಹೊರಗೆ ಕಾಣಬೇಕು, ತೆಗೆದ ಕಪಾಟಿಗೇ ಹೋಗಬೇಕು. ಅಷ್ಟರಲ್ಲಿ ಇನ್ನೊಂದು ಗುಂಪು ಬಂದು ಗಾದಿ ಮೇಲೆ ಕೂತಿರುತ್ತದೆ.

ಕಲಿಯೋದು ಇಲ್ಲವೇ ಅಂದರೆ ಬಹಳ ಇದೆ. ಬೆಲೆ ಕೇಳಿದವರ ಮುಖ ಓದೋದು, ಇಲ್ಲ ಅನ್ನುವ ಬದಲು ಇನ್ನೊಂದು ತೋರಿಸೋದು, ಕನ್ನಡ-ಹಿಂದಿ-ಮರಾಠಿ ಮೂರರಲ್ಲೂ ನಾಲ್ಕು ಮಾತಾಡೋದು. ಕಾಮರ್ಸ್ ಓದುವವರಿಗೆ ಜಿಎಸ್‌ಟಿ ಬಿಲ್ಲು ಕಣ್ಣೆದುರಿಗೇ ಸಿಗುತ್ತದೆ. ಆದರೆ ಹಬ್ಬದ ಮತ್ತು ಮದುವೆ ಸೀಸನ್‌ನಲ್ಲಿ ಏಳಕ್ಕೆ ಬಿಡ್ತೀವಿ ಅಂದವರು ಬಿಡುವುದಿಲ್ಲ. ನನ್ನ ಅಭಿಪ್ರಾಯ: ಬೇಸಿಗೆ ರಜೆಗೆ ಒಳ್ಳೆಯದು, ಕಾಲೇಜು ನಡೆಯುವಾಗ ಬೇಡ.

ಝೆರಾಕ್ಸ್ ಅಂಗಡಿ, ಡಿಟಿಪಿ ಕೆಲಸ ಹೇಗೆ?

ಧಾರವಾಡದವರಿಗೆ ಇದಕ್ಕಿಂತ ಒಳ್ಳೆಯ ಅಂಗಡಿ ಕೆಲಸ ನಾನು ಕಂಡಿಲ್ಲ. ಸಪ್ತಾಪುರದ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಊರೂರುಗಳಿಂದ ಬಂದು ರೂಮು ಮಾಡಿಕೊಂಡಿರುತ್ತಾರೆ. ನೋಟ್ಸು, ಹಳೆಯ ಪ್ರಶ್ನೆಪತ್ರಿಕೆ, ಅರ್ಜಿ ಅಂತ ಮಧ್ಯಾಹ್ನವೂ ಅಂಗಡಿ ಖಾಲಿ ಇರುವುದಿಲ್ಲ. ಅಂದರೆ ಏಳರೊಳಗೇ ನಿಮ್ಮ ಅಗತ್ಯ ಇರುತ್ತದೆ.

ಕೆಲಸ ಹೊರಗಿನಿಂದ ಬಟನ್ ಒತ್ತಿದಂತೆ ಕಾಣುತ್ತದೆ. ಹಾಗಿಲ್ಲ. ಧಾರವಾಡದ ಮಳೆಗಾಲ ಗೊತ್ತಲ್ಲ, ಕಾಗದ ತೇವ ಹಿಡಿದು ಹಾಳೆಗೆ ಹಾಳೆ ಅಂಟುತ್ತದೆ. ಟ್ರೇಗೆ ಹಾಕುವ ಮುನ್ನ ಕಟ್ಟನ್ನು ಎರಡೂ ಕೈಯಲ್ಲಿ ಬಗ್ಗಿಸಿ, ಹಾಳೆಗಳ ನಡುವೆ ಗಾಳಿ ಹೋಗುವಂತೆ ಬಿಡಿಸಬೇಕು. ಇಲ್ಲದಿದ್ದರೆ ಎರಡೆರಡು ಹಾಳೆ ಒಟ್ಟಿಗೆ ಹೋಗಿ ಮೆಷಿನ್ ನಿಲ್ಲುತ್ತದೆ, ಗಿರಾಕಿ ಸಾಲು ಬಾಗಿಲು ದಾಟುತ್ತದೆ. ಎರಡೂ ಬದಿ ಪ್ರಿಂಟ್ ತೆಗೆಯುವಾಗ ಒಂದು ಪುಟ ತಲೆಕೆಳಗಾದರೆ ಅದರ ನಂತರದ್ದೆಲ್ಲ ತಲೆಕೆಳಗೇ. ಸ್ಪೈರಲ್ ಹಾಕುವ ಮುಂಚೆ ಪುಟದ ನಂಬರ್ ನೋಡುವ ರೂಢಿ ಇಲ್ಲಿ ಬರುತ್ತದೆ.

ಇದಕ್ಕಿಂತ ದೊಡ್ಡ ಲಾಭ ಕನ್ನಡ ಟೈಪಿಂಗ್. ನುಡಿ ಕೀಲಿಮಣೆ ಕೈಗೆ ಕೂತರೆ, ಯುನಿಕೋಡ್‌ನಲ್ಲೂ ಅದೇ ವಿನ್ಯಾಸದಲ್ಲಿ ಹೊಡೆಯಬಹುದು. ಅರ್ಜಿ, ಅಫಿಡವಿಟ್, ಲಗ್ನಪತ್ರಿಕೆ, ಎಲ್ಲಕ್ಕೂ ಕನ್ನಡ ಟೈಪ್ ಮಾಡುವವರು ಬೇಕು. ಗದಗಿನವರಾದರೆ ಇನ್ನೂ ಹತ್ತಿರ. ಮುದ್ರಣಕ್ಕೆ ಹೆಸರಾದ ಊರು ಅದು, ಪ್ರೆಸ್‌ಗಳಿಗೆ ಬರವಿಲ್ಲ. ಆದರೆ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಮುಂದೆ ಕೂಡಿಸುತ್ತಾರಾ, ಕಟಿಂಗ್ ಮೆಷಿನ್ ಹತ್ತಿರ ನಿಲ್ಲಿಸುತ್ತಾರಾ ಅಂತ ಮೊದಲೇ ಕೇಳಿ. ಮೆಷಿನ್ ಹತ್ತಿರ ಅಂದರೆ ಬೇಡ ಅನ್ನಿ.

ನಾನೇ ಇನ್ನೂ ಪಿಯುಸಿ. ಟ್ಯೂಷನ್ ಹೇಳಿದರೆ ಮಕ್ಕಳನ್ನು ಕಳಿಸ್ತಾರಾ?

ನಾಲ್ಕರಿಂದ ಏಳನೇ ಕ್ಲಾಸಿನವರನ್ನು ಕಳಿಸುತ್ತಾರೆ. ಆ ತಾಯಂದಿರಿಗೆ ದೊಡ್ಡ ಮೇಷ್ಟ್ರು ಬೇಕಿಲ್ಲ. ಹೋಂವರ್ಕ್ ಮಾಡಿಸಿ, ಮಗ್ಗಿ ಬಾಯಿಪಾಠ ಹೇಳಿಸಿ, ಗಲಾಟೆ ಇಲ್ಲದೆ ಒಂದು ಗಂಟೆ ಕೂಡಿಸುವವರು ಬೇಕು. ಸರ್ಕಾರಿ ಕನ್ನಡ ಶಾಲೆಯ ಮಕ್ಕಳಿಗೆ ಇಂಗ್ಲಿಷ್ ಓದಲು ಕಲಿಸುತ್ತೀನಿ ಅಂದರೆ ಎರಡು ವಾರದಲ್ಲಿ ಮನೆಯ ಪಡಸಾಲೆ ತುಂಬುತ್ತದೆ.

ದುಡ್ಡು ತಿಂಗಳ ಮೊದಲನೇ ವಾರವೇ ಇಸಿದುಕೊಳ್ಳಿ. ಪರಿಚಯದವರು ಅಂತ ಸುಮ್ನೆ ಬಿಟ್ಟರೆ ಮೂರು ತಿಂಗಳ ಬಾಕಿ ಒಟ್ಟಿಗೆ ಕೇಳಲು ಬಾಯಿ ಬರುವುದಿಲ್ಲ. "ಕಾಕೂ, ಈ ತಿಂಗಳದ್ದು" ಅಂದರೆ ಸಾಕು, ಕೊಡ್ತಾರೆ.

ನಿಮ್ಮ ಪರೀಕ್ಷೆ ಮತ್ತು ಆ ಮಕ್ಕಳ ಪರೀಕ್ಷೆ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಬರುತ್ತವೆ, ಫೆಬ್ರುವರಿ-ಮಾರ್ಚ್. ಜನವರಿಯಲ್ಲೇ ಅವರ ಮನೆಯಲ್ಲಿ ಹೇಳಿಡಿ.

ಸ್ವಿಗ್ಗಿ, ಝೊಮ್ಯಾಟೊದಲ್ಲಿ ಒಳ್ಳೆ ದುಡ್ಡು ಬರುತ್ತಂತೆ?

18 ತುಂಬದೆ ಆಗುವುದಿಲ್ಲ. ಅಣ್ಣನ ಐಡಿ ಹಾಕಿಕೊಂಡು, ಅಪ್ಪನ ಬೈಕ್ ತೆಗೆದುಕೊಂಡು ಓಡಿಸುವವರಿದ್ದಾರೆ. ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಪಾಲಕರು ಓದಿಕೊಳ್ಳಿ. 2019ರ ಮೋಟಾರು ವಾಹನ ತಿದ್ದುಪಡಿ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. ಮುಂದೆ ಡ್ರೈವಿಂಗ್‌ನಲ್ಲೇ ಹೊಟ್ಟೆ ಹೊರೆಯಬೇಕು ಅಂತಿರುವ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಮದುವೆಗಳಲ್ಲಿ ಬಡಿಸೋ ಕೆಲಸ?

ಅವತ್ತಿನ ದುಡ್ಡು ಅವತ್ತೇ, ಜೊತೆಗೆ ಹೊಟ್ಟೆ ತುಂಬ ಊಟ. ಗೆಳೆಯರ ಗುಂಪು ಒಟ್ಟಿಗೆ ಹೋಗುವುದರಿಂದ ಮಜವೂ ಇರುತ್ತದೆ. ಮಧ್ಯಾಹ್ನದ ಅಕ್ಕಿಕಾಳಿನ (ಅಕ್ಷತೆ ಬಿದ್ದ ಮೇಲಿನ) ಊಟಕ್ಕೆ ಮಾತ್ರ ಹೋಗಿ. ರಾತ್ರಿ ರಿಸೆಪ್ಶನ್ ಮುಗಿದು, ಪಾತ್ರೆ ಎತ್ತಿ, ಹನ್ನೆರಡಕ್ಕೆ ಯಾರದೋ ಟೆಂಪೋದಲ್ಲಿ ಮನೆಗೆ ಬರುವುದು ಕಾನೂನಿಗೂ ಸರಿಯಲ್ಲ, ಮನೆಯವರ ನಿದ್ದೆಗೂ ಸರಿಯಲ್ಲ. ಕುದಿಯುವ ಸಾರಿನ ಹಂಡೆ ಎತ್ತಿಸಿದರೆ ಆಗಲ್ಲ ಅಂತ ಹೇಳಿ.

ಗ್ಯಾರೇಜ್, ಎಪಿಎಂಸಿ, ಪಟಾಕಿ ಅಂಗಡಿ?

ಪಟಾಕಿ ಅಂಗಡಿ ಬೇಡವೇ ಬೇಡ. ಸ್ಫೋಟಕ ಮತ್ತು ಬೆಂಕಿ ಹೊತ್ತುವ ವಸ್ತುಗಳ ಕೆಲಸ 18ರ ಒಳಗಿನವರಿಗೆ ಕಾಯ್ದೆಯಲ್ಲೇ ನಿಷಿದ್ಧ. ದೀಪಾವಳಿಗೆ ಮೈದಾನದಲ್ಲಿ ಹಾಕುವ ನಾಲ್ಕು ದಿನದ ತಗಡಿನ ಅಂಗಡಿಯೂ ಅದರಲ್ಲೇ ಬಂತು. ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರೋದು ಬೆಳೆಯುವ ಬೆನ್ನಿಗೆ ತಕ್ಕದ್ದಲ್ಲ. ದಲಾಲರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕರೆ ಹೋಗಿ, ತೂಕ, ದಲಾಲಿ, ಹಮಾಲಿ ಎಲ್ಲ ತಿಳಿಯುತ್ತದೆ.

ಗ್ಯಾರೇಜ್ ಕಲಿಯಬೇಕು ಅನ್ನುವವರಿಗೆ ಐಟಿಐ ಇದೆ, 1961ರ ಅಪ್ರೆಂಟಿಸ್ ಕಾಯ್ದೆ ಇದೆ. 14 ತುಂಬಿದವರು ಅಪಾಯಕಾರಿ ಅಲ್ಲದ ಕಸುಬಿಗೆ ಅಪ್ರೆಂಟಿಸ್ ಆಗಬಹುದು. ಸ್ಟೈಪೆಂಡ್ ಬರುತ್ತದೆ, ಕೊನೆಗೆ ಕೈಗೊಂದು ಸರ್ಟಿಫಿಕೇಟ್ ಸಿಗುತ್ತದೆ. "ಛೋಟೂ, ಪಾನಾ ಕೊಡು" ಅನ್ನಿಸಿಕೊಂಡು ಎರಡು ವರ್ಷ ಕಳೆದವನಿಗೆ ಏನೂ ಸಿಗುವುದಿಲ್ಲ.

ಬ್ಯಾಡಗಿ ಕಡೆಯವರು ನಾವು. ಮೆಣಸಿನಕಾಯಿ ಸೀಸನ್‌ಗೆ ಹೋಗಬಹುದಾ?

ಜನವರಿಯಿಂದ ಬೇಸಿಗೆವರೆಗೆ ಸೀಸನ್ ಜೋರು, ನಿಮ್ಮ ಪರೀಕ್ಷೆಯೂ ಅದೇ ಹೊತ್ತಿಗೆ. ತೊಟ್ಟು ಬಿಡಿಸುವ ಕೆಲಸದಲ್ಲಿ ಘಾಟು ಕಣ್ಣು, ಮೂಗು, ಕೈ ಯಾವುದನ್ನೂ ಬಿಡುವುದಿಲ್ಲ. ದಮ್ಮು ಇರುವವರು ಹತ್ತಿರವೂ ಸುಳಿಯಬೇಡಿ. ಅಲ್ಲೂ ಲೆಕ್ಕ, ಬಿಲ್ಲು ಬರೆಯುವ ಕೆಲಸವನ್ನೇ ಕೇಳಿ.

ಮಗಳನ್ನು ಹೊರಗೆ ಕಳಿಸಲು ಮನಸ್ಸಿಲ್ಲ. ಮನೆಯಲ್ಲೇ ಮಾಡುವಂಥದ್ದು ಏನಿದೆ?

ಮೊದಲು ಮಗಳನ್ನು ಕೇಳಿದ್ದೀರಾ? ಹಗಲು ಹೊತ್ತು, ನಾಲ್ಕು ಜನ ಹೆಣ್ಣುಮಕ್ಕಳು ಕೆಲಸ ಮಾಡುವ ಅಂಗಡಿ, ಮನೆಗೆ ಹತ್ತಿರ ಅಂದರೆ ಭಯಪಡುವಂಥದ್ದೇನಿಲ್ಲ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಎಸಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ, ಹುಬ್ಬಳ್ಳಿ-ಧಾರವಾಡ ನಡುವಿನ ಎಸಿ ಬಸ್ಸು ಚಿಗರಿ ಹತ್ತುವ ಮುನ್ನ ನೆನಪಿರಲಿ.

ಮನೆಯಲ್ಲೇ ಅಂದರೆ ಟ್ಯೂಷನ್, ಮೆಹಂದಿ, ಕುಬುಸಕ್ಕೆ ಹುಕ್ಕು, ಸೀರೆಗೆ ಫಾಲ್ ಹಚ್ಚೋದು. ಕೈ ಹಿಡಿತ ಇದ್ದವರಿಗೆ ಕಸೂತಿ. ಇದು ನಮ್ಮ ಸೀಮೆಯದೇ ಕಲೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಚುಚ್ಚಬೇಕು, ಗವಂತಿ-ಮುರ್ಗಿಯಾದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಒಂದು ಸೀರೆಗೆ ವಾರಗಟ್ಟಲೆ ಹಿಡಿಯುತ್ತದೆ. ಕೆಲಸ ಕೊಡುವವರು ಸೀರೆಗಿಷ್ಟು ಅನ್ನುತ್ತಾರೆ. ಗಂಟೆ ಲೆಕ್ಕ ಹಾಕಿದರೆ ಬೇಜಾರಾಗುವಷ್ಟು ಕಡಿಮೆ ಬೀಳುವುದೂ ಉಂಟು. ಹಾಗಾಗಿ ಶುರುವಿಗೆ ಸೀರೆ ಹಿಡಿಯದೆ ಕರವಸ್ತ್ರ, ಕುರ್ತಾ ಕೊರಳು, ಮೊಬೈಲ್ ಚೀಲದಂಥ ಸಣ್ಣವು ಮಾಡಿ ನೇರವಾಗಿ ಮಾರೋದು ವಾಸಿ.

ಮೊಬೈಲ್‌ನಲ್ಲೇ ದಿನಕ್ಕೆ ಸಾವಿರ ರೂಪಾಯಿ ಅಂತ ಮೆಸೇಜ್ ಬರುತ್ತೆ. ನಿಜಾನಾ?

ಅಲ್ಲ. ವಿಡಿಯೋ ಲೈಕ್ ಮಾಡಿ, ಹೋಟೆಲ್‌ಗೆ ರೇಟಿಂಗ್ ಕೊಡಿ ಅಂತ ಮೊದಲು ನೂರಿನ್ನೂರು ಹಾಕುತ್ತಾರೆ. ನಂಬಿಕೆ ಬಂದ ಮೇಲೆ "ದೊಡ್ಡ ಟಾಸ್ಕ್‌ಗೆ ಎರಡು ಸಾವಿರ ಕಟ್ಟಿ" ಅಂತಾರೆ. ಅಲ್ಲಿಗೆ ಮುಗೀತು. ಡೇಟಾ ಎಂಟ್ರಿ ಅಂತ ರಿಜಿಸ್ಟ್ರೇಷನ್ ಫೀ ಕೇಳುವವರೂ ಇದೇ ಜಾತಿ. ಕೆಲಸ ಕೊಡುವವರು ದುಡ್ಡು ಕೊಡಬೇಕು, ಕೇಳಬಾರದು.

ಇದಕ್ಕಿಂತ ಅಪಾಯದ್ದು ಇನ್ನೊಂದಿದೆ. "ನಿನ್ನ ಖಾತೆಗೆ ದುಡ್ಡು ಬರುತ್ತೆ, ತೆಗೆದು ಕೊಡು, ಕಮಿಷನ್ ಇಟ್ಕೋ" ಅಂತ ಕಾಲೇಜು ಹುಡುಗರನ್ನು ಹಿಡಿಯುತ್ತಾರೆ. ಆ ದುಡ್ಡು ಬೇರೆ ಯಾರಿಗೋ ಮೋಸ ಮಾಡಿದ್ದು. ಖಾತೆ ಬಂದ್ ಆಗುತ್ತದೆ, ಪೊಲೀಸರು ಮೊದಲು ಬರೋದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ. ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಯಾರಿಗೂ ಕೊಡಬೇಡಿ, ಎಷ್ಟೇ ಜೀವದ ಗೆಳೆಯನಾದರೂ. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಪಗಾರ ಎಷ್ಟು ಅಂತ ಮೊದಲೇ ಕೇಳೋದು ಸರೀನಾ? ಸಿಟ್ಟಾಗಲ್ವಾ?

ಕೇಳಲೇಬೇಕು. "ಮೊದಲ ಕೆಲಸ ನೋಡೂಣು, ಆಮ್ಯಾಲೆ ಮಾತಾಡೂಣು" ಅನ್ನುವುದು ನಮ್ಮ ಪೇಟೆಯ ಹಳೆಯ ಉತ್ತರ. ಅದಕ್ಕೆ "ಆತ್ರೀ ಅಣ್ಣಾರ, ಒಂದು ವಾರ ನೋಡ್ರಿ. ಆ ವಾರದ್ದು ಎಷ್ಟು ಕೊಡ್ತೀರಿ?" ಅನ್ನಿ. ಮರ್ಯಾದೆಯೂ ಉಳಿಯಿತು, ಅಂಕಿಯೂ ಬಂತು. ಒಪ್ಪಿದ್ದನ್ನು ಮನೆಗೆ ಬಂದು ವಾಟ್ಸಾಪ್‌ನಲ್ಲಿ ಬರೆದು ಕಳಿಸಿ: ಇಷ್ಟು ಹೊತ್ತು, ಇಷ್ಟು ಪಗಾರ, ವಾರದಲ್ಲಿ ಈ ದಿನ ರಜೆ. ಅವರು "ಹ್ಞೂಂ" ಅಂತ ಉತ್ತರ ಕೊಟ್ಟರೂ ಸಾಕು. ದಿನದ ಹಾಜರಿಯನ್ನು ಒಂದು ಸಣ್ಣ ಡೈರಿಯಲ್ಲಿ ಬರೆದಿಡಿ.

ಪಗಾರ ಹಿಡಿದುಕೊಂಡರೆ ಮೊದಲು ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ ಕೇಳಿ. ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಆಗಲಿಲ್ಲವೇ, ಕಾರ್ಮಿಕ ಇಲಾಖೆಯ ನಿರೀಕ್ಷಕರ ಕಚೇರಿಗೆ ಅರ್ಜಿ ಕೊಡಿ. ಹೊಡೆದರು, ಕೆಟ್ಟದಾಗಿ ಮುಟ್ಟಿದರು, ಕೂಡಿಹಾಕಿದರು ಅಂದರೆ ಕೂತು ಮಾತಾಡುವ ವಿಷಯ ಅಲ್ಲ ಅದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112.

ಏನೇನು ಕಾಗದ ಕೊಡಬೇಕು?

ಆಧಾರ್ ಝೆರಾಕ್ಸ್ ಒಂದು ಸಾಕು. ಅದರ ಮೇಲೆ ಯಾವ ಅಂಗಡಿಗೆ, ಯಾವ ತಾರೀಕು ಅಂತ ಅಡ್ಡಲಾಗಿ ಬರೆಯಿರಿ. ಮಾರ್ಕ್ಸ್ ಕಾರ್ಡಿನ ಅಸಲು ಪ್ರತಿ ಯಾರಿಗೂ ಕೊಡಬೇಡಿ. ಬಾಂಡ್ ಪೇಪರ್, ಖಾಲಿ ಹಾಳೆ ಮೇಲೆ ಸಹಿ ಕೇಳಿದರೆ ಎದ್ದು ಬನ್ನಿ. 18 ತುಂಬದವರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. ಆದರೂ ಅದನ್ನು ತೋರಿಸಿ ಹೆದರಿಸುವವರಿದ್ದಾರೆ.

ದುಡ್ಡನ್ನು ಸ್ವಂತ ಖಾತೆಗೆ ಹಾಕಿಸಿಕೊಳ್ಳಬಹುದಾ?

ಆಗುತ್ತದೆ. 10 ವರ್ಷ ದಾಟಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಎಷ್ಟು ತೆಗೆಯಬಹುದು, ಎಟಿಎಂ ಕೊಡುತ್ತಾರಾ ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಪೋಸ್ಟ್ ಆಫೀಸಿನಲ್ಲೂ ಆಗುತ್ತದೆ.

ಪಾಲಕರಿಗೊಂದು ಮಾತು. ಮಕ್ಕಳ ಮೊದಲ ಪಗಾರವನ್ನು ಪೂರ್ತಿ ಇಸಿದುಕೊಳ್ಳಬೇಡಿ. ಮನೆ ಕಷ್ಟ ಏನೇ ಇರಲಿ, ನೂರಾದರೂ ಅವರ ಕೈಯಲ್ಲಿರಲಿ.

ಕೊನೆಗೂ, ಓದು ಹಾಳಾಗುತ್ತಾ ಇಲ್ವಾ?

ಕೆಲಸದಿಂದಲ್ಲ, ಕೆಲಸದ ಹೊತ್ತಿನಿಂದ ಹಾಳಾಗುತ್ತದೆ. ಪಿಯುಸಿಗೆ 75 ಪರ್ಸೆಂಟ್ ಹಾಜರಾತಿ ಬೇಕು. ದಿನಾ ಮೊದಲ ಪಿರಿಯಡ್ ತಪ್ಪುತ್ತಿದೆ ಅಂದರೆ ನವೆಂಬರ್ ಹೊತ್ತಿಗೆ ಕಾಲೇಜಿನಿಂದ ಮನೆಗೆ ಫೋನ್ ಬರುತ್ತದೆ. ಸೈನ್ಸ್ ತೆಗೆದುಕೊಂಡು ನೀಟ್, ಸಿಇಟಿ ಅಂತಿರುವವರು ವಾರದ ದಿನ ಕೆಲಸ ಹಿಡಿಯದಿರೋದೇ ಒಳ್ಳೆಯದು. ಆರ್ಟ್ಸ್, ಕಾಮರ್ಸ್‌ನವರಿಗೆ ವಾರಕ್ಕೆ ಹತ್ತು-ಹನ್ನೆರಡು ಗಂಟೆ ನಿಭಾಯಿಸಬಹುದು. ಎರಡನೇ ಪಿಯುಸಿಯಾದರೆ ಡಿಸೆಂಬರ್‌ಗೆ ನಿಲ್ಲಿಸಿ.

ಯಾವ ತಿಂಗಳಲ್ಲಿ ಹುಡುಕಿದರೆ ಕೆಲಸ ಬೇಗ ಸಿಗುತ್ತೆ?

ಮೇ ಕೊನೆಯ ವಾರ, ಜೂನ್‌ನಲ್ಲಿ ಸ್ಟೇಷನರಿ ಮತ್ತು ಪುಸ್ತಕದ ಅಂಗಡಿಗಳಿಗೆ ಕೈ ಸಾಲುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಧಾರವಾಡ ಕೃಷಿ ಮೇಳದ ಸ್ಟಾಲ್‌ಗಳು. ದಸರಾ-ದೀಪಾವಳಿಗೆ ಬಟ್ಟೆ, ಸಿಹಿ ತಿಂಡಿ, ಪ್ಯಾಕಿಂಗ್. ಏಪ್ರಿಲ್-ಮೇ ಲಗ್ನದ ಕಾಲ. ಸೀಸನ್ ಶುರುವಾಗುವ ಹದಿನೈದು ದಿನ ಮುಂಚೆ, ಮಧ್ಯಾಹ್ನ ಮೂರರ ಸುಮಾರಿಗೆ, ಅಂಗಡಿ ಖಾಲಿ ಇದ್ದಾಗ ಹೋಗಿ ಕೇಳಿ. ಸಂಜೆ ಗದ್ದಲದಲ್ಲಿ ಹೋದರೆ "ನಾಳೆ ಬಾ" ಅಂತಾರೆ.

ಸೇರಿದ ಮೇಲೆ ಬಿಡಬೇಕು ಅನ್ನಿಸಿದರೆ?

ಒಂದು ವಾರ ಮುಂಚೆ ಹೇಳಿ ಬಿಡಿ. ಸೀಸನ್ ನಡುವೆ ಫೋನ್ ಸ್ವಿಚ್ ಆಫ್ ಮಾಡಿ ಕೂತರೆ ಬಾಕಿ ಪಗಾರ ಕೇಳಲು ಮುಖ ಇರುವುದಿಲ್ಲ, ಮುಂದಿನ ಹುಡುಗರಿಗೂ ಆ ಅಂಗಡಿ ಬಾಗಿಲು ಹಾಕುತ್ತದೆ. ಕೊಟ್ಟ ಬೀಗದ ಕೈ, ಟೀ ಶರ್ಟು, ಲೆಕ್ಕದ ಪುಸ್ತಕ ವಾಪಸ್ ಮಾಡಿ. ಬಾಕಿ ಎಷ್ಟು ಅಂತ ಡೈರಿ ತೋರಿಸಿ ಇಸಿದುಕೊಳ್ಳಿ. ಅಲ್ಲಿ ಅವಮಾನ, ಹೊಡೆತ ಇದ್ದರೆ ಮಾತ್ರ ಒಂದು ವಾರ ಕಾಯಬೇಡಿ, ಅವತ್ತೇ ಮನೆಗೆ ಬನ್ನಿ.